ನೀಲಿ ಗೋಡೆಯ ಎಡಕ್ಕೆ

ನನ್ನ ಅಕ್ಕ ಹೆತ್ತ ಮಕ್ಕಳಿಗೆಲ್ಲ ಹಿಡಿಶಾಪ ಹಾಕಿ, ಶಾಲು ಕೊಡವಿ ಹೆಗಲಿಗೇರಿಸಿ, "ಇಗೋ, ನಾನು ಬಯಲಿಗೆ ಹೊರಟೆ" ಎಂದು ಗುಡುಗಿ, ನೆಟ್ಟಗೆ ಬಟ್ಟೆಯ ಬೀರುವಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾಟಕದಲ್ಲಿ ಹಾಗಿರಲಿಲ್ಲ. ನಾಟಕದಲ್ಲಿ ಅವಳು ಮನೆ ಬಿಟ್ಟು ಹೋಗಬೇಕಿತ್ತು. ಬೀರುವಿನ ಬಾಗಿಲು ಒಳಗಿನಿಂದ ತೆರೆಯುವಂತಿರಲಿಲ್ಲ. ಬೀರುವಿನಿಂದ ಯಾರಾದರೂ ಆಚೆ ಬರಬೇಕಾದೀತು ಎಂದು ಯಾವ ಬಡಗಿ ತಾನೇ ಎಣಿಸುತ್ತಾನೆ? ಒಳಗಿನಿಂದ ಎರಡು ಸಲ ಟಕಟಕ ಸದ್ದು ಬಂತು. ಹಿರಿಮಗನ ಪಾತ್ರದವನು ಅಮ್ಮ ಹೋದಳೆಂದು ನೆಲಕ್ಕೆ ಕುಸಿದು ಅಳಬೇಕಾದವನು, ಎದ್ದು ಹೋಗಿ ಅಮ್ಮನನ್ನು ಬಿಡಿಸಿಕೊಂಡು ಬಂದ.

ಮೊದಲ ದಿನದ ತಾಲೀಮು, ಎಲ್ಲರೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಕ್ಕನೇ.

ನಾನು ಆ ತಂಡದ ಪ್ರಾಂಪ್ಟರ್. ಪಕ್ಕದ ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕೂತು, ನಾಟಕದ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು, ನಟರು ಮರೆತ ಮಾತನ್ನು ಪಿಸುಗುಟ್ಟುವುದು ನನ್ನ ಕೆಲಸ. ಚೆನ್ನಾಗಿ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ತಪ್ಪಿದರೆ ಮಾತ್ರ ಕೊನೆಯ ಸಾಲಿನವರಿಗೂ ಗೊತ್ತಾಗುತ್ತದೆ. ನನ್ನನ್ನು ಈ ಕೆಲಸಕ್ಕೆ ಸೇರಿಸಿದವಳು ಅಕ್ಕ. ಸೇರಿದಾಗಿನಿಂದ ಅವಳೊಬ್ಬಳಿಗೆ ಮಾತ್ರ ನಾನು ಒಂದು ಮಾತನ್ನೂ ಹೇಳಿಕೊಟ್ಟಿಲ್ಲ. ಅವಳು ಒಂದು ಸಾಲನ್ನೂ ಮರೆಯುತ್ತಿರಲಿಲ್ಲ, ಅವಳು ಮಾತಾಡುವಾಗ ನಾನು ಪ್ರತಿಯನ್ನು ಮಡಚಿಟ್ಟು ಉಗುರು ಕಚ್ಚುತ್ತಿದ್ದೆ.

ಬೀರುವಿನ ಕಥೆಗೆ ಕಾರಣ ನಮ್ಮ ನಿರ್ದೇಶಕರು. ತಂಡದವರು ಅವರನ್ನು ಬೆನ್ನ ಹಿಂದೆ ಸಿದ್ಧಾಂತಿ ಎನ್ನುತ್ತಿದ್ದರು. ಎದುರಿಗೂ ಅನ್ನಬಹುದಿತ್ತು, ಅವರು ಖುಷಿಯೇ ಪಡುತ್ತಿದ್ದರು. ಪ್ರತಿ ನಾಟಕಕ್ಕೂ ಮುಂಚೆ ಅವರು ಯಾವುದೋ ಒಂದು ಪುಸ್ತಕ ಓದುತ್ತಾರೆ, ಅಥವಾ ಓದಲು ಶುರುಮಾಡುತ್ತಾರೆ. ಅದರ ಫಲವನ್ನು ನಾವು ಉಣ್ಣುತ್ತೇವೆ. ಉಸಿರಾಟದ ಪುಸ್ತಕ ಓದಿದ ವರ್ಷ ಇಬ್ಬರು ನಟರು ತಲೆಸುತ್ತಿ ಬಿದ್ದಿದ್ದರು. ಈ ಸಲದ್ದು ಮನುಷ್ಯನ ಮನಸ್ಸಿನ ಪುಸ್ತಕ.

ಮನುಷ್ಯ ಹುಟ್ಟುವಾಗಲೇ ತಲೆಯೊಳಗೆ ರೇಖಾಗಣಿತ ಹೊತ್ತು ಬರುತ್ತಾನಂತೆ. ಯಾರೂ ಕಲಿಸದೆಯೇ ಮಗುವಿಗೆ ಕೋಣೆಯ ಆಕಾರ ಗೊತ್ತಾಗುತ್ತದಂತೆ: ಯಾವ ಗೋಡೆ ಉದ್ದ, ಯಾವುದು ಗಿಡ್ಡ, ಉದ್ದದ್ದು ಎಡಕ್ಕೋ ಬಲಕ್ಕೋ. ಕಣ್ಣು ಕಟ್ಟಿ ಗಿರಗಿರ ತಿರುಗಿಸಿ ಬಿಟ್ಟರೂ ಆ ಆಕಾರ ಹಿಡಿದೇ ಅದು ದಾರಿ ಹುಡುಕುತ್ತದಂತೆ. ಇದನ್ನೆಲ್ಲ ಅವರು ತಾವೇ ಹೆತ್ತು ಸಾಕಿದವರ ಹಾಗೆ ಹೇಳುತ್ತಿದ್ದರು. ಶಾಲೆಯಲ್ಲಿ ರೇಖಾಗಣಿತಕ್ಕೆ ನನಗೆ ಬಂದ ಅಂಕಗಳನ್ನು ಅವರು ನೋಡಿದ್ದರೆ ಈ ಸಿದ್ಧಾಂತ ಅಂದೇ ಕೈಬಿಡುತ್ತಿದ್ದರೇನೋ, ನಾನು ತೋರಿಸಲು ಹೋಗಲಿಲ್ಲ.

ಹೀಗಾಗಿ ನಾಟಕದ ಮನೆ ಒಂದು ಉದ್ದನೆಯ ಕೋಣೆಯಾಯಿತು. ನಾಲ್ಕೂ ಗೋಡೆ ಸೊಳ್ಳೆಪರದೆಯಂಥ ತೆಳು ಬಟ್ಟೆಯದು. ಮೇಲಿನಿಂದ ಒಳಗೆ ದೀಪ ಬಿಟ್ಟರೆ ಪ್ರೇಕ್ಷಕರಿಗೆ ಒಳಗಿರುವವರು ಮಂಜಿನಲ್ಲಿ ಕಂಡಂತೆ ಕಾಣುತ್ತಾರೆ. ಒಳಗಿರುವವರಿಗೆ ಮಾತ್ರ ಸುತ್ತಲೂ ಬೆಳ್ಳಗೆ ಹೊಳೆಯುವ ಗೋಡೆ ಬಿಟ್ಟು ಬೇರೇನೂ ಕಾಣದು. ಗಿಡ್ಡ ಗೋಡೆಗಳಲ್ಲಿ ಒಂದಕ್ಕೆ ನೀಲಿ ಬಣ್ಣ. ನೀಲಿ ಗೋಡೆಗೆ ಮುಖ ಮಾಡಿ ನಿಂತರೆ ಎಡ ಮೂಲೆಯಲ್ಲಿ ಹೊರಬಾಗಿಲು. ಅದಕ್ಕೆ ಕರ್ಣದ ಮೂಲೆಯಲ್ಲಿ, ಎಂದರೆ ಎದುರಿನ ಬಿಳಿ ಗೋಡೆಯ ಎಡಕ್ಕೆ, ಬೀರು. ಬಾಗಿಲೂ ಬೀರೂ ಒಂದೇ ಅಳತೆ, ಒಂದೇ ಬಣ್ಣ. ಹೆಂಗಸಿಗೆ ಮನೆಯ ಬಾಗಿಲೂ ಬೀರೂ ಒಂದೇ ಅಲ್ಲವೇ, ಅದೇ ಸಂಕೇತ ಎಂದರು ಸಿದ್ಧಾಂತಿ. ಅಕ್ಕ ಶಾಪ ಹಾಕುವ ಹೊತ್ತಿಗೆ ಇಡೀ ಕೋಣೆ ತಿರುಗುವ ರಂಗದ ಮೇಲೆ ಒಮ್ಮೆ ಹೀಗೆ, ಒಮ್ಮೆ ಹಾಗೆ ಸುತ್ತುತ್ತದೆ. ಅವಳು ಅದರೊಳಗೆ ಎದುರು ದಿಕ್ಕಿಗೆ ಸುತ್ತುತ್ತಲೇ ಮಾತಾಡಬೇಕು. ಅದು ಕಾಲದ ಚಕ್ರವಂತೆ.

ಬಾಗಿಲಿನ ಗುರುತಿಗೆ ನೆಲದ ಮೇಲೆ ಒಂದು ತುಂಡು ಟೇಪ್ ಅಂಟಿಸಿದರೆ ಮುಗಿಯುವ ಮಾತು. ಜಗತ್ತಿನ ಎಲ್ಲ ರಂಗದ ಮೇಲೂ ಟೇಪ್ ಇರುತ್ತದೆ. ಕೇಳಿದ್ದಕ್ಕೆ ಸಿದ್ಧಾಂತಿ, ಟೇಪ್ ಅಂಟಿಸುವುದೆಂದರೆ ಮನುಷ್ಯಕುಲಕ್ಕೆ ಮಾಡುವ ಅವಮಾನ ಎಂದರು. ಬೀರುವಿಗೆ ಬೀಗವಾದರೂ ಹಾಕಿ ಎಂದೆ. ಆಗ ಅಕ್ಕ ಸೇರುಗಟ್ಟಲೆ ಕೋಪ ಹೊತ್ತು ಬೀಗ ಎಳೆದಾಡುತ್ತ ನಿಲ್ಲುತ್ತಾಳೆ, ಅದಕ್ಕಿಂತ ಬೀರುವೇ ವಾಸಿ ಎಂದರು. ಇದು ಮಾತ್ರ ನಿಜವಿತ್ತು.

ಎರಡನೆಯ ದಿನವೂ ಅಕ್ಕ ಬೀರುವಿಗೆ ಹೋದಳು. ಮೂರನೆಯ ದಿನ ಬಾಗಿಲಿಗೆ ಹೋದಳು. ಹೊಟ್ಟೆಗೆ ಹಾಲು ಹೊಯ್ದಂತಾಯಿತು ಎಂದುಕೊಳ್ಳುವಷ್ಟರಲ್ಲಿ ಮಾರನೆಯ ದಿನ ಮತ್ತೆ ಬೀರು. ಉಳಿದ ಎರಡು ಮೂಲೆಗಳಿಗೆ ಮಾತ್ರ ಒಮ್ಮೆಯೂ ಹೋಗಲಿಲ್ಲ. ಅವಳ ಶಾಪದ ನಡುವೆ "ಈ ಮನೆಯ ಮೂಲೆಮೂಲೆಯೂ ನನಗೆ ಗೊತ್ತು" ಎಂಬ ಸಾಲು ಬೇರೆ ಇತ್ತು. ಅದನ್ನು ಅವಳು ಎಂಥ ಗತ್ತಿನಿಂದ ಹೇಳುತ್ತಿದ್ದಳೆಂದರೆ, ಮುಂದಿನ ಗಳಿಗೆಯಲ್ಲಿ ಬೀರು ಹೊಕ್ಕಾಗ ದೀಪದವನು ನಗು ತಡೆಯಲಾರದೆ ಆಚೆ ಓಡುತ್ತಿದ್ದ. ನಾನು ಪರದೆಯ ಮರೆಯಿಂದ ಆ ಕಡೆಯಲ್ಲ, ಆ ಕಡೆಯಲ್ಲ ಎಂದು ಹಲ್ಲು ಕಚ್ಚಿ ಹೇಳಿದ್ದೂ ಆಯಿತು. ತನ್ನದೇ ಗುಡುಗಿನ ನಡುವೆ ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ.

ಸಿದ್ಧಾಂತಿಗೆ ಮೊದಲು ಬಲು ಸಂತೋಷವಾಯಿತು. ಎಲ್ಲರನ್ನೂ ಕೂರಿಸಿ ವಿವರಿಸಿದರು. ಆಕಾರವನ್ನಷ್ಟೇ ನೋಡಿದರೆ ಕರ್ಣದ ಎರಡು ಮೂಲೆಗಳೂ ಒಂದೇ: ಎರಡರಲ್ಲೂ ಎಡಕ್ಕೆ ಉದ್ದ ಗೋಡೆ, ಬಲಕ್ಕೆ ಗಿಡ್ಡ ಗೋಡೆ. ಇಲಿಗಳನ್ನು ಇಂಥ ಕೋಣೆಯಲ್ಲಿ ತಿರುಗಿಸಿ ಬಿಟ್ಟರೆ ಅವೂ ಹೀಗೇ ಮಾಡುತ್ತವೆ. ಸಣ್ಣ ಮಕ್ಕಳೂ ಹೀಗೇ, ನೀಲಿ ಗೋಡೆ ಕಣ್ಣೆದುರೇ ಇದ್ದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪುಸ್ತಕದಲ್ಲಿದ್ದದ್ದು ತಮ್ಮ ರಂಗದ ಮೇಲೆ ನಡೆಯಿತಲ್ಲ ಎಂದು ಅವರ ಮುಖ ಬೆಳಗುತ್ತಿತ್ತು. ಆಮೇಲೆ ಅದೇ ಮುಖದಲ್ಲಿ, ಅದೇ ಉಸಿರಿನಲ್ಲಿ ಮುಂದಿನ ಮಾತು ಹೇಳಿದರು.

"ಆದ್ರೆ ದೊಡ್ಡವರು ಹಾಗೆ ಮಾಡಲ್ಲ. ದೊಡ್ಡವರಿಗೆ ಭಾಷೆ ಇರುತ್ತೆ, 'ನೀಲಿ ಗೋಡೆಯ ಎಡಕ್ಕೆ' ಅಂತ ಮನಸ್ಸಲ್ಲೇ ಹೇಳ್ಕೊಂಡು ಸರಿಯಾದ ಮೂಲೆಗೆ ಹೋಗ್ತಾರೆ. ದೊಡ್ಡವರು ತಪ್ಪಿದ್ರೆ ಅರ್ಥ ಏನು? ತಲೆಯೊಳಗೆ ಏನೋ ಸಡಿಲ ಆಗ್ತಿದೆ ಅಂತ. ಅಕ್ಕನವರನ್ನ ಒಂದ್ಸಲ ಡಾಕ್ಟರಿಗೆ ತೋರಿಸಿ."

ಇದನ್ನು ಅವರು ನನಗೆ ಹೇಳಿದ್ದು, ದನಿ ತಗ್ಗಿಸಿ, ಮರ್ಯಾದಸ್ಥರ ಹಾಗೆ. ಅಕ್ಕ ಇನ್ನೂ ಬೀರುವಿನೊಳಗೇ ಇದ್ದಳು ಎನ್ನುವುದು ಇಬ್ಬರಿಗೂ ಮರೆತುಹೋಗಿತ್ತು.

ನಮ್ಮ ಅಮ್ಮ ಕಡೆಗಾಲದಲ್ಲಿ ತನ್ನದೇ ಮನೆಯಲ್ಲಿ ನಿಂತು, ಅಡುಗೆಮನೆ ಯಾವ ಕಡೆ ಎಂದು ನಮ್ಮನ್ನು ಕೇಳುತ್ತಿದ್ದಳು. ಮೊದಮೊದಲು ತಮಾಷೆಗೆ ಎಂದುಕೊಂಡೆವು. ಅಮ್ಮ ತಮಾಷೆ ಮಾಡುವವಳಲ್ಲ ಎಂದು ನಮಗೆ ಗೊತ್ತಿತ್ತು, ಆದರೂ ಹಾಗೆಂದುಕೊಂಡೆವು. ಮದುವೆಯಾಗದ ಅಕ್ಕ ಮತ್ತು ಗಂಡ ಸತ್ತ ನಾನು ಈಗ ಒಟ್ಟಿಗೇ ಇದ್ದೇವೆ. ಇಬ್ಬರೂ ಆ ವಿಷಯ ಎತ್ತುವುದಿಲ್ಲ. ಅಂದು ಮನೆಗೆ ಬಂದವಳೇ ಅಕ್ಕ ಚಪ್ಪಲಿ ಕೂಡ ಬಿಡದೆ ಎತ್ತಿದಳು.

"ಅಮ್ಮನಿಗೂ ಹೀಗೇ ಶುರುವಾಗಿದ್ದಲ್ವಾ?"

ನಾನು ಸಿದ್ಧಾಂತಿಯ ಹುಟ್ಟು, ಬುದ್ಧಿ, ಬೋಳುತಲೆ ಎಲ್ಲವನ್ನೂ ಸೇರಿಸಿ ಬೈದೆ. ಅವಳು ಅದನ್ನು ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ. ನನ್ನನ್ನು ಪರೀಕ್ಷೆ ಮಾಡು ಎಂದು ಹಟ ಹಿಡಿದಳು. ಕಣ್ಣಿಗೆ ಟವೆಲ್ ಕಟ್ಟಿ ನಡುಮನೆಯಲ್ಲಿ ತಿರುಗಿಸಿ ಬಿಟ್ಟೆ. ಟವೆಲ್ ಬಿಚ್ಚಿ, ಸಕ್ಕರೆ ಡಬ್ಬಿ, ಛತ್ರಿ, ಕರೆಂಟಿನ ಬಿಲ್ಲು, ಹೇಳಿದ್ದನ್ನೆಲ್ಲ ನೆಟ್ಟಗೆ ಹೋಗಿ ತಂದಳು. ನಾನೇ ಎಲ್ಲೋ ಇಟ್ಟು ಮರೆತಿದ್ದ ನನ್ನ ಕನ್ನಡಕವನ್ನೂ ತಂದುಕೊಟ್ಟಳು. ಇಷ್ಟಾದ ಮೇಲೆ ಯಾರನ್ನು ಡಾಕ್ಟರಿಗೆ ತೋರಿಸಬೇಕು ಎಂದು ಕೇಳಿದೆ. ಅವಳು ನಗಲಿಲ್ಲ. ನನಗೆ ಭಯವಾಯಿತು. ಇದನ್ನು ಸುತ್ತಿ ಬಳಸಿ ಹೇಳುವುದೇನಿದೆ, ಅವಳು ಹೋದರೆ ನನಗೆ ಯಾರೂ ಇಲ್ಲ.

ಅತ್ತ ಸಿದ್ಧಾಂತಿ ತಡಮಾಡಲಿಲ್ಲ. ಅವರಿಗೊಬ್ಬಳು ನಾದಿನಿ. ನಟನೆ ಬರುತ್ತದೆಂದು ಅವಳಿಗೆ ಯಾರೋ ಹೇಳಿದ್ದರು, ಬಹುಶಃ ಅವಳೇ. ಅಕ್ಕನ ಜಾಗದಲ್ಲಿ ಅವಳನ್ನು ನಿಲ್ಲಿಸಿ ನೋಡಿದರು. ಮಾತು ಒಂದೂ ಬಾಯಿಪಾಠವಿಲ್ಲ. ಒಂದು ಸಾಲು ಹೇಳುತ್ತಾಳೆ, ನಿಲ್ಲುತ್ತಾಳೆ, ಬಾಯಿ ತೆರೆದುಕೊಂಡು ನಾಲ್ಕು ಗೋಡೆ ನೋಡುತ್ತಾಳೆ, ನಾನು ಹೇಳಿಕೊಡುತ್ತೇನೆ, ಇನ್ನೊಂದು ಸಾಲು ಹೇಳುತ್ತಾಳೆ. ಕಾಲದ ಚಕ್ರ ನಿಂತಾಗ ಮತ್ತೆ ನಿಂತಳು, ನೋಡಿದಳು, ನೆಟ್ಟಗೆ ಬಾಗಿಲಿಗೆ ಹೋದಳು. ಮತ್ತೆ ಮಾಡಿಸಿದರು, ಮತ್ತೆ ಬಾಗಿಲು. ಎಷ್ಟು ಸಲ ಮಾಡಿಸಿದರೂ ಬಾಗಿಲೇ. ನೋಡಿ, ದಿಕ್ಕಿನ ಅರಿವೆಂದರೆ ಇದು ಎಂದು ಸಿದ್ಧಾಂತಿ ಎಲ್ಲರಿಗೂ ಕೇಳುವಂತೆ ಹೇಳಿದರು. ಕೊನೆಯ ತಾಲೀಮಿನಲ್ಲಿ ಅಕ್ಕ ಇನ್ನೊಮ್ಮೆ ಬೀರು ಹೊಕ್ಕರೆ ಪಾತ್ರ ನಾದಿನಿಗೆ ಎಂದೂ ಹೇಳಿದರು. ಅಕ್ಕ ಸುಮ್ಮನೆ ತಲೆಯಾಡಿಸಿದಳು. ಪಾತ್ರ ಹೋಗುವುದು ಅವಳಿಗೆ ದೊಡ್ಡದಾಗಿರಲಿಲ್ಲ. ಹೋಗುವುದಕ್ಕೆ ಕೊಟ್ಟ ಕಾರಣ ಅವಳನ್ನು ತಿನ್ನುತ್ತಿತ್ತು.

ಮಾರನೆಯ ಬೆಳಿಗ್ಗೆ ದೀಪ ಸರಿಹೊಂದಿಸಲು ಯಾರಾದರೊಬ್ಬರು ಕೋಣೆಯೊಳಗೆ ನಿಲ್ಲಬೇಕಿತ್ತು. ಅಕ್ಕ ಇನ್ನೂ ಬಂದಿರಲಿಲ್ಲ. ಖಾಲಿ ಇದ್ದವಳು ನಾನೊಬ್ಬಳೇ. ಸುಮ್ಮನೆ ನಿಂತರೆ ಲೆಕ್ಕ ಸಿಗುವುದಿಲ್ಲ, ಮಾತೂ ಹೇಳಿ ಎಂದ ದೀಪದವನು. ಅಕ್ಕನ ಮಾತೆಲ್ಲ ನನಗೂ ಬಾಯಿಗೆ ಬರುತ್ತದೆ. ಶಾಪ ಹಾಕಲು ಶುರುಮಾಡಿದೆ. ನಿಜ ಹೇಳಬೇಕೆಂದರೆ ಮಜವಾಗಿತ್ತು. ಹೊರಗೆ ಕೂತ ಸಿದ್ಧಾಂತಿಯನ್ನೇ ನೆನೆಸಿಕೊಂಡು ಒಂದೊಂದು ಸಾಲನ್ನೂ ಉಗುಳಿದೆ. ಕೋಣೆ ಸುತ್ತಿತು. ಈ ಮನೆಯ ಮೂಲೆಮೂಲೆಯೂ ನನಗೆ ಗೊತ್ತು ಎಂದೆ, ಕೋಣೆ ನಿಂತಿತು, ಬಯಲಿಗೆ ಹೊರಟೆ ಎಂದೆ, ಹೋಗಿ ಬೀರುವಿನೊಳಗೆ ನಿಂತೆ.

ಕತ್ತಲೆಯಲ್ಲಿ ಹೊಸ ಮರದ ವಾಸನೆ. ನಾನು ಬಾಗಿಲು ಬಡಿಯಲಿಲ್ಲ. ನೀಲಿ ಗೋಡೆ ನನ್ನ ಕಣ್ಣಿಗೆ ಬಿದ್ದಿತ್ತು. ಬಿದ್ದೂ ನನಗೆ ಅದು ಏನನ್ನೂ ಹೇಳಿರಲಿಲ್ಲ. ನಾಲಿಗೆಯ ಮೇಲೆ ಅಷ್ಟುದ್ದದ ಶಾಪ ಕೂತಿರುವಾಗ 'ನೀಲಿ ಗೋಡೆಯ ಎಡಕ್ಕೆ' ಎಂದು ಮನಸ್ಸಲ್ಲಿ ಹೇಳಿಕೊಳ್ಳಲು ಜಾಗವೆಲ್ಲಿತ್ತು? ನಾದಿನಿಗೆ ಮಾತು ಬರುತ್ತಿರಲಿಲ್ಲ, ಅದಕ್ಕೇ ಬಾಗಿಲು ಸಿಗುತ್ತಿತ್ತು. ಅಕ್ಕನ ತಲೆ ಸರಿಯಾಗಿತ್ತು. ಅದು ತುಂಬಿತ್ತು, ಅಷ್ಟೆ. ಬೀರುವಿನೊಳಗೆ ನಿಂತು ಇಷ್ಟು ಸುಖಪಟ್ಟವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಬಾಗಿಲು ತೆರೆದವರು ಸಿದ್ಧಾಂತಿ. ನಿಮ್ಮ ಮನೆತನದಲ್ಲೇ ಇದೆಯೇನು ಎಂದು ಕೇಳಿದರು. ಹೇಗೆ ಮಾಡಬೇಕೆಂದು ತೋರಿಸುತ್ತೇನೆಂದು ತಾವೇ ಒಳಗೆ ಹೋದರು. ಕೋಣೆ ಸುತ್ತಿತು. ಅವರು ಬಾಯಿ ಮುಚ್ಚಿಕೊಂಡು ನಿಂತಿದ್ದು, ಬಾಗಿಲಿಗೆ ಹೋಗಿ, ಹೊರಗೆ ಬಂದು ಬಾಗಿ ನಮಸ್ಕರಿಸಿದರು. ಮಾತಿನ ಜೊತೆ ಮಾಡಿ ತೋರಿಸಿ ಸರ್, ನೋಡಿ ಕಲಿಯುತ್ತೇವೆ ಎಂದೆ. ನಾಟಕ ಬರೆದವರೂ ಅವರೇ, ಆದರೆ ತಾವು ಬರೆದ ಮಾತು ಅವರಿಗೆ ಬಾಯಿಪಾಠವಿರಲಿಲ್ಲ. ಅದಕ್ಕೇನಂತೆ, ನಾನಿದ್ದೇನಲ್ಲ. ನಾದಿನಿಗೆ ಕೊಟ್ಟ ಹಾಗೆ ನಿಂತು ನಿಂತು ಒಂದೊಂದೇ ಸಾಲು ಕೊಡಲಿಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದು, ಅವರ ನಾಲಿಗೆಗೆ ಬಿಡುವೇ ಇಲ್ಲದ ಹಾಗೆ ಕೊಟ್ಟೆ. ಅವರು ಅಷ್ಟನ್ನೂ ಗಿಳಿಯ ಹಾಗೆ ಒಪ್ಪಿಸುತ್ತ, ಕೈ ಎತ್ತಿ, ಬಯಲಿಗೆ ಹೊರಟೆ ಎಂದು ಬೀರುವಿಗೆ ಹೋದರು. ಬಾಗಿಲು ತೆರೆಯಲು ಯಾರಿಗೂ ಅವಸರವಾಗಲಿಲ್ಲ.

ಅವರು ನಾಚಿಕೆಪಟ್ಟರೆಂದು ನೀವು ಎಣಿಸಿದರೆ ಅವರನ್ನು ನೀವು ನೋಡಿಲ್ಲ ಎಂದರ್ಥ. ಗೆದ್ದವರ ಹಾಗೆ ಹೊರಗೆ ಬಂದರು. ಮನೆಗೆ ಓಡಿ ಪುಸ್ತಕದ ಉಳಿದರ್ಧ ಓದಿ, ಮಧ್ಯಾಹ್ನ ಹೊಸ ವಿಷಯದೊಂದಿಗೆ ಬಂದರು. ದೊಡ್ಡವರ ಬಾಯಿಗೆ ಬಿಡುವು ಕೊಡದೆ ಯಾರೋ ಆಡುವ ಮಾತನ್ನು ಕೇಳಿಕೇಳಿದಂತೆ ಹೇಳಿಸುತ್ತಿದ್ದರೆ ಅವರೂ ಇಲಿಗಳ ಹಾಗೆ ಬಣ್ಣ ಮರೆತು ಆಕಾರ ಹಿಡಿಯುತ್ತಾರೆಂದು ಅದರಲ್ಲೇ ಬರೆದಿತ್ತಂತೆ. ಇದು ತಾವು ಸ್ವಂತ ಅನುಭವದಿಂದ ಕಂಡುಕೊಂಡದ್ದು ಎಂದು ತಂಡಕ್ಕೆ ತಿಳಿಸಿದರು. ಅಕ್ಕನನ್ನು ಕರೆದು, ಪಾತ್ರ ನಿಮ್ಮದೇ ಎಂದರು. ಹಾಗಾದರೆ ರಂಗ ನಿಲ್ಲುವ ಹೊತ್ತಿನ ಎರಡು ಸಾಲು ತೆಗೆದುಬಿಡಿ ಎಂದು ನಾನು ಕೇಳಿದೆ. ತಮ್ಮ ಮಾತಿನಲ್ಲಿ ಒಂದಕ್ಷರವೂ ಹೋಗಕೂಡದು ಎಂದರು. ಟೇಪನ್ನೂ ಒಪ್ಪಲಿಲ್ಲ.

ಅಕ್ಕನಿಗೆ ಇದೆಲ್ಲ ಹೇಳಿದಾಗ ಅವಳು ಮೊದಲು ನಕ್ಕಳು, ಆಮೇಲೆ ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತಳು. ಎಷ್ಟೋ ದಿನಗಳ ಮೇಲೆ ಅಂದು ಹೊಟ್ಟೆತುಂಬ ಊಟ ಮಾಡಿದಳು. ಉಪಾಯವನ್ನೂ ಅವಳೇ ಹೇಳಿದಳು. ಪ್ರದರ್ಶನದ ದಿನ ಕೋಣೆ ನಿಂತ ಕೂಡಲೇ ತಾನು ಮಾತು ನಿಲ್ಲಿಸುವುದು, ನೀಲಿ ಗೋಡೆ ನೋಡಿಕೊಳ್ಳುವುದು, ಬಾಗಿಲಿನ ಹತ್ತಿರ ಹೋದ ಮೇಲಷ್ಟೇ "ಇಗೋ, ನಾನು ಬಯಲಿಗೆ ಹೊರಟೆ" ಎನ್ನುವುದು. ಆ ಒಂದು ಗಳಿಗೆ ಸಿದ್ಧಾಂತಿ ಏನಾದರೂ ಅಂದುಕೊಳ್ಳಲಿ.

"ನಾನು ನಿಂತಾಗ ನೀನು ಮಾತ್ರ ಹೇಳಿಕೊಡಬೇಡ ಕಣೇ," ಎಂದಳು. "ನಿನ್ನ ದನಿ ಕೇಳಿದ್ರೆ ನನ್ನ ಬಾಯಿ ತಾನಾಗೇ ಶುರುವಾಗ್ಬಿಡುತ್ತೆ."

ಸುಮ್ಮನಿರುವುದು ಏನು ಮಹಾ ಎಂದುಕೊಂಡೆ. ನಿನಗೆ ನಾನು ಯಾವತ್ತು ಹೇಳಿಕೊಟ್ಟಿದ್ದೇನೆ ಎಂದೆ.

ಪ್ರದರ್ಶನದ ಸಂಜೆ ಸಭಾಂಗಣ ತುಂಬಿತ್ತು. ಅಕ್ಕ ಶಾಪ ಶುರುಮಾಡಿದಳು. ನಾನು ಎಂದಿನಂತೆ ಪ್ರತಿ ಮಡಚಿಡಲು ಹೋದವಳು ಯಾಕೋ ತೆರೆದೇ ಇಟ್ಟುಕೊಂಡೆ. ಕೋಣೆ ಹೀಗೆ ಸುತ್ತಿತು, ಹಾಗೆ ಸುತ್ತಿತು. ಇನ್ನೂ ಸುತ್ತುತ್ತಲೇ ಇತ್ತು, ಅಕ್ಕ ನಿಂತುಬಿಟ್ಟಳು. ನಾವು ಮಾತಾಡಿಕೊಂಡಿದ್ದ ಜಾಗ ಅದಲ್ಲ. ಅದಕ್ಕಿಂತ ಎಷ್ಟೋ ಮೊದಲು, ಮೂಲೆಮೂಲೆಯೂ ಗೊತ್ತು ಎನ್ನುವ ಸಾಲಿಗೂ ಮೊದಲು.

ಅವಳು ಹೇಳಬೇಕಿದ್ದ ಮುಂದಿನ ಸಾಲು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ನನ್ನ ಕಸುಬೇ ಅದು: ನಟ ನಿಂತ, ಮಾತು ಎಸೆ. ಎಸೆದರೆ ಅಕ್ಕನ ಬಾಯಿ ಶುರುವಾಗುತ್ತದೆ, ಮುಂದೆ ಬೀರು, ತುಂಬಿದ ಸಭೆಯ ನಗು, ಆಮೇಲೆ ಡಾಕ್ಟರು. ಎಸೆಯದಿದ್ದರೆ, ಅವಳು ನಿಜಕ್ಕೂ ಮರೆತಿದ್ದರೆ? ಮುಖ ನೋಡಿ ತಿಳಿಯೋಣವೆಂದರೆ ಮಂಜಿನಾಚೆ ಬರೀ ಆಕಾರ ಕಾಣುತ್ತಿತ್ತು. ನಾನು ಪ್ರತಿಯ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ. ಸಿದ್ಧಾಂತಿ ಹಿಂದಿನಿಂದ ಬಂದು, ಹೇಳಿ, ಹೇಳಿ ಎಂದು ನನ್ನ ಭುಜ ಅಲುಗಾಡಿಸಿದರು. ಅಕ್ಕ ನಾನಿದ್ದ ಕಡೆಗೆ, ಅಥವಾ ನಾನಿದ್ದೇನೆಂದು ಅವಳು ಎಣಿಸಿದ ಕಡೆಗೆ ಮುಖ ತಿರುಗಿಸಿದಳು. ಕೋಣೆ ನಿಂತಿತು. ಅವಳು ನಿಧಾನವಾಗಿ ನಾಲ್ಕೂ ಗೋಡೆ ನೋಡಿದಳು, ನೀಲಿ ಗೋಡೆಯ ಮುಂದೆ ಹೋಗಿ ನಿಂತಳು, ಎಡಕ್ಕೆ ತಿರುಗಿದಳು. ಬಾಗಿಲು ತೆರೆದು, ಗುಡುಗದೆ, ಮನೆಯವರಿಗೆ ಹೇಳಿಹೋಗುವವಳ ಹಾಗೆ ಮೆಲ್ಲಗೆ ಅಂದಳು: "ಇಗೋ, ನಾನು ಬಯಲಿಗೆ ಹೊರಟೆ."

ಚಪ್ಪಾಳೆ ಬಹಳ ಹೊತ್ತು ಬಿತ್ತು. ನಾಟಕ ಮುಗಿದ ಮೇಲೆ ಸಭೆಯವರು ಸಿದ್ಧಾಂತಿಯ ಸುತ್ತ ನೆರೆದು ಆ ಮೌನದ ಬಗ್ಗೆಯೇ ಕೇಳಿದರು. ಅದು ತಾವು ಬಹಳ ಯೋಚಿಸಿ ಇಟ್ಟ ಮೌನ, ಮನುಷ್ಯನ ಮನಸ್ಸಿನ ಅಧ್ಯಯನದಿಂದ ಬಂದದ್ದು ಎಂದು ಅವರು ವಿವರಿಸುತ್ತಿರುವುದು ಬಣ್ಣದ ಕೋಣೆಯವರೆಗೂ ಕೇಳುತ್ತಿತ್ತು.

ಅಕ್ಕ ಕನ್ನಡಿಯ ಮುಂದೆ ಕೂತು ಎಣ್ಣೆ ಸವರಿ ಬಣ್ಣ ಒರೆಸುತ್ತಿದ್ದಳು. ನಾನು ಹಿಂದಿನಿಂದ ಹೋಗಿ ತಬ್ಬಿಕೊಂಡೆ. ಅಷ್ಟು ಮುಂಚೆ ನಿಲ್ಲಿಸಿ ನನ್ನ ಜೀವ ತೆಗೆದೆಯಲ್ಲೇ, ಮೊದಲೇ ಹೇಳಬಾರದಿತ್ತಾ ಎಂದೆ.

"ನಿಲ್ಲಿಸಲಿಲ್ಲ," ಎಂದಳು. "ಮರೆತುಹೋಯ್ತು. ನೀನು ಹೇಳಿಕೊಡ್ತೀಯ ಅಂತ ಕಾದೆ."

"ಹೇಳಿಕೊಡಬೇಡ ಅಂತ ನೀನೇ ಅಂದಿದ್ಯಲ್ಲಕ್ಕ."

ಅವಳು ಕನ್ನಡಿಯೊಳಗಿನಿಂದ ನನ್ನನ್ನು ನೋಡಿದಳು. ಅರ್ಧ ಮುಖದಲ್ಲಿ ಬಣ್ಣ ಇನ್ನೂ ಇತ್ತು.

"ಅಂದಿದ್ನಾ?"

ಒಂದು ಸಾಲು ಯಾರಿಗಾದರೂ ಮರೆಯುತ್ತದೆ ಎಂದೆ, ಆಯಾಸ ಎಂದೆ, ಈ ದರಿದ್ರ ಚಕ್ರ ಎಂದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವಳು ಉಳಿದ ಬಣ್ಣ ಒರೆಸಿ, ಶಾಲು ಹೊದ್ದು, ನನ್ನ ಕೈ ಹಿಡಿದು ಎದ್ದಳು. ಬಣ್ಣದ ಕೋಣೆಯ ಆಚೆ ಒಂದು ಉದ್ದನೆಯ ಓಣಿ, ಎರಡೂ ಕೊನೆಯಲ್ಲಿ ಒಂದೇ ತರಹದ ಬಾಗಿಲು. ಒಂದು ಬೀದಿಗೆ, ಇನ್ನೊಂದು ಸಾಮಾನಿನ ಕೋಣೆಗೆ. ನಾನು ಅಲ್ಲೂ ಮಾತಾಡುತ್ತಲೇ ಇದ್ದೆ. ಡಾಕ್ಟರು ಬೇಡ, ಹೋಗಲೇಬೇಕೆಂದರೆ ಸುಮ್ಮನೆ ಒಮ್ಮೆ ಹೋಗಿ ಬರೋಣ, ಭಯಪಡುವಂಥದ್ದೇನೂ ಇಲ್ಲ ಎನ್ನುತ್ತಿದ್ದೆ.

"ಸ್ವಲ್ಪ ಸುಮ್ನಿರೇ," ಎಂದಳು ಅಕ್ಕ. "ಬಾಗಿಲು ಯಾವ ಕಡೆ ಅಂತ ನೋಡ್ಕೋಬೇಕು."

ನಾನು ಸುಮ್ಮನಾದೆ. ಅವಳು ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಬೀದಿಯ ಬಾಗಿಲಿನ ಪಕ್ಕದ ಗೋಡೆಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತೂಗುಹಾಕಿದ್ದರು. ಅದನ್ನು ಅವಳಿಗೆ ತೋರಿಸಬೇಕೆಂದು ನನ್ನ ಕೈ ಅರ್ಧ ಮೇಲೆದ್ದಿತು. ಅದನ್ನು ಕೆಳಗಿಳಿಸಿ ಅವಳ ಶಾಲಿನೊಳಗೆ ಸೇರಿಸಿಕೊಂಡು ಕಾದೆ. ಕೊನೆಗೆ ಅವಳ ಕಣ್ಣು ಅದರ ಮೇಲೆ ನಿಂತಿತು. ನನ್ನನ್ನು ಎಳೆದುಕೊಂಡು ಆ ಕಡೆಗೆ ಹೊರಟಳು.